‘ಹೌದೇ!’ ಎನಿಸುವ ಸಂಗತಿ ಹೇಳಿ, ‘ಏಕೆ’ ಎಂಬುದನ್ನೂ ಹೇಳಿ

ಕುತೂಹಲಿ:
ಆಕ್ಟೋಪಸ್‌ಗೆ ಮೂರು ಹೃದಯ, ಶುಕ್ರನಲ್ಲಿ ದಿನ ವರ್ಷಕ್ಕಿಂತ ದೊಡ್ಡದು, ವಾಂಬ್ಯಾಟ್ ಎಂಬ ಪ್ರಾಣಿಯ ಹಿಕ್ಕೆ ಘನಾಕಾರದ್ದು. ಇಂಥ ಪಟ್ಟಿಗಳಿಗೆ ಬರವಿಲ್ಲ. ಓದುತ್ತೇವೆ, ಬೆರಗಾಗುತ್ತೇವೆ, ಮರುಗಳಿಗೆಗೆ ಮರೆತೂ ಬಿಡುತ್ತೇವೆ. ಪಟ್ಟಿ ಮಾಡಿದವರು ಮಾತನ್ನು ಅರ್ಧಕ್ಕೇ ನಿಲ್ಲಿಸಿರುವುದರಿಂದ ಹೀಗಾಗುತ್ತದೆ ಎಂಬುದು ನನ್ನ ಅನಿಸಿಕೆ. ಏಕೆ ಹಾಗೆ ಎಂದು ಅವರು ಹೇಳುವುದೇ ಇಲ್ಲ, ಅಸಲು ಸ್ವಾರಸ್ಯ ಇರುವುದು ಅಲ್ಲಿಯೇ.

ಹಾಗಾಗಿ ಈ ಚರ್ಚೆಗೆ ಒಂದೇ ನಿಯಮ ಇಡುತ್ತೇನೆ. ಸಂಗತಿಯ ಜೊತೆಗೆ ಕಾರಣವನ್ನೂ ಬರೆಯಬೇಕು. ಕಾರಣವು ಸಂಗತಿಗಿಂತ ಹೆಚ್ಚು ಬೆರಗು ಹುಟ್ಟಿಸಿದರೆ ಇನ್ನೂ ಒಳ್ಳೆಯದು.

ಮೊದಲು ನನ್ನದು. ಗಡಿಯಾರದ ಮುಳ್ಳುಗಳು ಈಗ ತಿರುಗುವ ದಿಕ್ಕಿನಲ್ಲಿಯೇ ಏಕೆ ತಿರುಗುತ್ತವೆ? ಯಾಂತ್ರಿಕ ಗಡಿಯಾರ ಬೆಳೆದದ್ದು ಯೂರೋಪಿನಲ್ಲಿ. ಅಲ್ಲಿ ನೆಲದಲ್ಲಿ ನೆಟ್ಟ ಕೋಲಿನ ನೆರಳು ಬೆಳಿಗ್ಗೆ ಪಶ್ಚಿಮಕ್ಕೆ, ನಡುಹಗಲಿನಲ್ಲಿ ಉತ್ತರಕ್ಕೆ, ಸಂಜೆ ಪೂರ್ವಕ್ಕೆ ಬೀಳುತ್ತದೆ. ಉತ್ತರ ದಿಕ್ಕನ್ನು ಮೇಲಿಟ್ಟುಕೊಂಡು ನೋಡಿದರೆ ನೆರಳು ಎಡದಿಂದ ಮೇಲೇರಿ ಬಲಕ್ಕೆ ಇಳಿದಂತಾಯಿತು. ಮುಳ್ಳುಗಳು ಈ ನೆರಳಿನ ಹಾದಿಯನ್ನೇ ಹಿಡಿದವು ಎಂಬುದು ಸಾಮಾನ್ಯವಾಗಿ ಒಪ್ಪಿಕೊಂಡಿರುವ ವಿವರಣೆ. ದಕ್ಷಿಣಾರ್ಧಗೋಳದಲ್ಲಿ ನೆರಳು ಚಲಿಸುವುದು ಇದಕ್ಕೆ ವಿರುದ್ಧವಾಗಿ. ಗಡಿಯಾರದ ಕಸುಬು ಅಲ್ಲಿ ಬೆಳೆದಿದ್ದರೆ ಜಗತ್ತಿನ ಪ್ರತಿಯೊಂದು ಗಡಿಯಾರದ ಮುಳ್ಳು ಬೇರೆ ದಿಕ್ಕಿಗೆ ಹೊರಳುತ್ತಿತ್ತೇನೋ!

ಗೋಡೆಗಡಿಯಾರ:
ಕುತೂಹಲಿಯವರೇ, ಆರಂಭ ಚೆನ್ನಾಗಿದೆ. ಆದರೆ ಈ ವಿವರಣೆಗೆ ಒಂದು ಮುಖ್ಯ ಅಂಶವನ್ನು ಸೇರಿಸಬೇಕು. ನೀವು ಹೇಳಿದ್ದು ನೆಲದ ಮೇಲೆ ಮಲಗಿಸಿಟ್ಟ ನೆರಳುಗಡಿಯಾರಕ್ಕೆ ಸರಿ. ಯೂರೋಪಿನ ಚರ್ಚುಗಳ ದಕ್ಷಿಣದ ಗೋಡೆಗಳ ಮೇಲೆ ಕೆತ್ತಿದ ನೆರಳುಗಡಿಯಾರಗಳೂ ಇವೆ. ಅವುಗಳಲ್ಲಿ ಬೆಳಗಿನ ನೆರಳು ಎಡಕ್ಕೆ, ನಡುಹಗಲಿನದು ನೇರ ಕೆಳಕ್ಕೆ, ಸಂಜೆಯದು ಬಲಕ್ಕೆ. ಅಂದರೆ ನಮ್ಮ ಗಡಿಯಾರದ ದಿಕ್ಕಿಗೆ ತದ್ವಿರುದ್ಧ! ಎರಡು ಬಗೆಯ ನೆರಳುಗಡಿಯಾರಗಳೂ ಒಂದೇ ಊರಿನಲ್ಲಿ ಎರಡು ದಿಕ್ಕಿನಲ್ಲಿ ಹೊತ್ತು ತೋರಿಸುತ್ತಿದ್ದವು.

ಆದ್ದರಿಂದ ಈಗಿನ ದಿಕ್ಕು ಒಮ್ಮೆಗೇ ನಿಶ್ಚಯವಾಗಲಿಲ್ಲ. ಫ್ಲಾರೆನ್ಸ್ ನಗರದ ಕ್ಯಾಥೆಡ್ರಲ್‌ನಲ್ಲಿ ಪಾವೊಲೊ ಉಚೆಲ್ಲೊ ಎಂಬ ಚಿತ್ರಕಾರ 1443ರಲ್ಲಿ ಮುಖಫಲಕ ಬರೆದ ಗಡಿಯಾರ ಇಂದಿಗೂ ಇದೆ. ಅದಕ್ಕೆ ಒಂದೇ ಮುಳ್ಳು, 24 ಗಂಟೆಗಳು, ಎಣಿಕೆ ಶುರುವಾಗುವುದು ಸೂರ್ಯಾಸ್ತದಿಂದ, ಮುಳ್ಳು ತಿರುಗುವುದು ಅಪ್ರದಕ್ಷಿಣವಾಗಿ. ಇತ್ತೀಚಿನ ಉದಾಹರಣೆಯೂ ಇದೆ. 2014ರಲ್ಲಿ ಬೊಲಿವಿಯಾದ ಲಾ ಪಾಜ್‌ನಲ್ಲಿರುವ ಸಂಸತ್ ಕಟ್ಟಡದ ಗಡಿಯಾರವನ್ನು ಉದ್ದೇಶಪೂರ್ವಕವಾಗಿ ಹಿಂದುಮುಂದಾಗಿಸಿ, ‘ಇದು ದಕ್ಷಿಣದ ಗಡಿಯಾರ’ ಎಂದು ಸಾರಿದರು.

ಪ್ರಶ್ನಾರ್ಥಕ:
ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೂ ಭೂಮಧ್ಯರೇಖೆಗೂ ನಡುವೆ ಇರುವ ಊರುಗಳಲ್ಲಿ? ಅಲ್ಲಿ ಸೂರ್ಯ ವರ್ಷದ ಕೆಲವು ದಿನ ಉತ್ತರದಲ್ಲಿರುತ್ತಾನಲ್ಲ?

ಗೋಡೆಗಡಿಯಾರ:
ಒಳ್ಳೆಯ ಪ್ರಶ್ನೆ. ಆ ದಿನಗಳಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಆ ಹೊತ್ತಿನಲ್ಲಿ ಅದು ಅಪ್ರದಕ್ಷಿಣವಾಗಿಯೇ ಸರಿಯುತ್ತದೆ. ಒಂದು ನೇರ ಕೋಲು, ಒಂದಿಷ್ಟು ಸಮತಟ್ಟಾದ ಜಾಗ ಇದ್ದರೆ ನೀವೇ ಗುರುತು ಹಾಕಿ ನೋಡಬಹುದು.

ಅಣುರೇಣು:
ಶುಕ್ರನ ವಿಷಯವನ್ನು ಹಾಗೆಯೇ ಬಿಡಬಾರದು. ಶುಕ್ರ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು ಭೂಮಿಯ 243 ದಿನ ಬೇಕು, ಸೂರ್ಯನನ್ನು ಸುತ್ತಲು 225 ದಿನ. ಇದರಿಂದಲೇ ‘ದಿನ ವರ್ಷಕ್ಕಿಂತ ದೊಡ್ಡದು’ ಎಂಬ ಮಾತು. ಆದರೆ ಶುಕ್ರನ ನೆಲದ ಮೇಲೆ ನಿಂತವನಿಗೆ ದಿನವೆಂದರೆ ಒಂದು ಸೂರ್ಯೋದಯದಿಂದ ಮುಂದಿನ ಸೂರ್ಯೋದಯದವರೆಗಿನ ಅವಧಿ. ಅದು ಸುಮಾರು 117 ಭೂದಿನ ಮಾತ್ರ. ಶುಕ್ರ ತಿರುಗುವ ದಿಕ್ಕಿಗೂ ಅದು ಸೂರ್ಯನನ್ನು ಸುತ್ತುವ ದಿಕ್ಕಿಗೂ ವೈರುಧ್ಯ ಇರುವುದರಿಂದ ಸೂರ್ಯ ಬೇಗ ಮರಳಿ ಬರುತ್ತಾನೆ. ಅಲ್ಲಿ ಸೂರ್ಯ ಹುಟ್ಟುವುದು ಪಶ್ಚಿಮದಲ್ಲಿ. ನನ್ನ ಮಟ್ಟಿಗೆ ಪಟ್ಟಿಗಳಲ್ಲಿ ಬರಬೇಕಾದದ್ದು ಈ ಕೊನೆಯ ಸಾಲು.

ಹಳೆಯ ತಂತಿ:
ನಾನು ಆವಿಷ್ಕಾರಗಳ ಕ್ರಮದ ಬಗ್ಗೆ ಬರೆಯುತ್ತೇನೆ. ಯಾವುದು ಮೊದಲು, ಯಾವುದು ಆಮೇಲೆ ಎಂಬ ನಮ್ಮ ಊಹೆ ಎಷ್ಟು ಸಲ ತಲೆಕೆಳಗಾಗುತ್ತದೆ ಎಂದು ನೋಡಿ.

ಬೆಂಕಿಪೊಟ್ಟಣಕ್ಕಿಂತ ಮೊದಲು ಲೈಟರ್ ಬಂತು. ಜರ್ಮನಿಯ ರಸಾಯನಶಾಸ್ತ್ರಜ್ಞ ಡೋಬರೈನರ್ 1823ರಲ್ಲಿ ಒಂದು ದೀಪ ಮಾಡಿದ. ಸತುವಿನ ಮೇಲೆ ಗಂಧಕಾಮ್ಲ ಬಿದ್ದು ಹುಟ್ಟಿದ ಹೈಡ್ರೋಜನ್, ಸ್ಪಂಜಿನಂಥ ಪ್ಲಾಟಿನಂ ಮೇಲೆ ಹಾಯ್ದ ಕೂಡಲೇ ಹೊತ್ತಿಕೊಳ್ಳುತ್ತಿತ್ತು. ಗೀರಿದರೆ ಹತ್ತುವ ಕಡ್ಡಿಯನ್ನು ಇಂಗ್ಲೆಂಡಿನ ಜಾನ್ ವಾಕರ್ ಮಾರಾಟಕ್ಕಿಟ್ಟದ್ದು 1827ರಲ್ಲಿ. ಏಕೆಂದರೆ ಲೈಟರ್‌ಗೆ ಬೇಕಾದದ್ದು ಬೆಂಕಿ ಹುಟ್ಟಿಸುವ ಕ್ರಿಯೆ ಮಾತ್ರ, ಕಡ್ಡಿಗಾದರೋ ಗೀರುವವರೆಗೆ ಸುಮ್ಮನಿದ್ದು ಗೀರಿದ ಕ್ಷಣ ಹತ್ತಿಕೊಳ್ಳುವ ಮಿಶ್ರಣ ಬೇಕು. ಎರಡನೆಯದು ಬಹಳ ಕಷ್ಟದ ಕೆಲಸ. ಮುಂದೆ ಬಂದ ಬಿಳಿ ರಂಜಕದ ಕಡ್ಡಿಗಳು ಸುಲಭವಾಗಿ ಹತ್ತುತ್ತಿದ್ದವು, ಆದರೆ ಕಾರ್ಖಾನೆಯ ಕೆಲಸಗಾರರ ದವಡೆಯ ಮೂಳೆಯನ್ನೇ ಕೊಳೆಸಿದವು. 1906ರ ಬರ್ನ್ ಒಪ್ಪಂದದಲ್ಲಿ ಹಲವು ದೇಶಗಳು ಅದನ್ನು ನಿಷೇಧಿಸಿದವು. ಇಂದಿನ ಪೊಟ್ಟಣದ ಗುಟ್ಟೇನೆಂದರೆ ರಂಜಕ ಕಡ್ಡಿಯಲ್ಲಿ ಇಲ್ಲವೇ ಇಲ್ಲ. ಅದು ಪೊಟ್ಟಣದ ಪಕ್ಕದ ಪಟ್ಟಿಯಲ್ಲಿದೆ, ಅದೂ ನಿರಪಾಯಕಾರಿ ಕೆಂಪು ರಂಜಕ.

ಆಹಾರ ಕೆಡದಂತೆ ಮುಚ್ಚಿಡುವ ಲೋಹದ ಡಬ್ಬಿ ಬಂದದ್ದು 1810ರಲ್ಲಿ, ಡಬ್ಬಿ ತೆರೆಯುವ ಸಾಧನ 1850ರ ದಶಕದಲ್ಲಿ. ನಡುವಿನ ನಾಲ್ಕು ದಶಕ ಉಳಿ ಮತ್ತು ಸುತ್ತಿಗೆ. ಆಗಿನ ಡಬ್ಬಿಗಳು ದಪ್ಪ ಕಬ್ಬಿಣದವು, ಕೊಳ್ಳುತ್ತಿದ್ದವರು ಹೆಚ್ಚಾಗಿ ಸೈನ್ಯ ಮತ್ತು ನೌಕಾಪಡೆಯವರು. ತಗಡು ತೆಳುವಾಗುವವರೆಗೆ ಕೈಯಲ್ಲಿ ಹಿಡಿದು ಕತ್ತರಿಸುವ ಸಾಧನಕ್ಕೆ ಅರ್ಥವೇ ಇರಲಿಲ್ಲ.

ಇನ್ನು ನನಗೆ ಬಹಳ ಪ್ರಿಯವಾದದ್ದು ಫ್ಯಾಕ್ಸ್. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಬೇನ್ ಅದರ ಪೇಟೆಂಟ್ ಪಡೆದದ್ದು 1843ರಲ್ಲಿ. ದೂರವಾಣಿಯ ಪೇಟೆಂಟ್ 1876ರದ್ದು. 1865ರ ಹೊತ್ತಿಗೆ ಪ್ಯಾರಿಸ್ ಮತ್ತು ಲಿಯಾನ್ ನಡುವೆ ಕಸೆಲ್ಲಿ ಎಂಬ ಇಟಲಿಯವನ ಯಂತ್ರ ತಂತಿಯ ಮೂಲಕ ಸಹಿಗಳನ್ನೂ ಚಿತ್ರಗಳನ್ನೂ ಕಳಿಸುತ್ತಿತ್ತು! ಧ್ವನಿಗಿಂತ ಮೊದಲು ಚಿತ್ರ ತಂತಿಯೇರಿದ್ದು ಹೇಗೆ? ತಂತಿ ಮಾರ್ಗಗಳು ಆಗಲೇ ಇದ್ದವು, ಅವುಗಳಲ್ಲಿ ಹರಿಯುತ್ತಿದ್ದದ್ದು ‘ಇದೆ, ಇಲ್ಲ’ ಎಂಬ ಎರಡೇ ಸ್ಥಿತಿಯ ವಿದ್ಯುತ್. ಗೆರೆಗೆರೆಯಾಗಿ ಓದಿದ ಚಿತ್ರವೂ ‘ಶಾಯಿ ಇದೆ, ಇಲ್ಲ’ ಎಂಬಷ್ಟೇ. ಎರಡು ತುದಿಯಲ್ಲೂ ಲೋಲಕಗಳು ಒಂದೇ ಲಯದಲ್ಲಿ ತೂಗಿದರೆ ಸಾಕು. ಮಾತಿಗಾದರೋ ಕ್ಷಣಕ್ಷಣಕ್ಕೂ ಏರಿಳಿಯುವ ಪ್ರವಾಹ ಬೇಕು. ಅದನ್ನು ಸಾಧಿಸಲು ಇನ್ನೂ ಮೂರು ದಶಕ ಹಿಡಿಯಿತು.

ಕುತೂಹಲಿ:
ಈ ಚರ್ಚೆ ಆರಂಭಿಸಿದ್ದು ಸಾರ್ಥಕವಾಯಿತು, ತಂತಿಯವರೇ. ಫ್ಯಾಕ್ಸ್ ಹಳೆಯದು ಎಂದು ಓದಿದ್ದೆ, ಕಾರಣವನ್ನು ಇಷ್ಟು ಸ್ಪಷ್ಟವಾಗಿ ಎಲ್ಲಿಯೂ ನೋಡಿರಲಿಲ್ಲ.

ವೇಗದೂತ:
ಇದೇ ಸಾಲಿಗೆ ಇನ್ನೊಂದು. ರಸ್ತೆಯ ಮೇಲೆ ಗಂಟೆಗೆ 100 ಕಿಲೋಮೀಟರ್ ವೇಗವನ್ನು ಮೊದಲು ದಾಟಿದ ವಾಹನ ವಿದ್ಯುತ್ ಕಾರು. ಕಮಿಲ್ ಜೆನಾಟ್ಸಿ ಎಂಬ ಬೆಲ್ಜಿಯಂನವ, 1899ರ ಏಪ್ರಿಲ್. ಕಾರಣ ಸರಳ. ವಿದ್ಯುತ್ ಮೋಟರು ನಿಂತಲ್ಲಿಂದಲೇ ಪೂರ್ಣ ಬಲ ಕೊಡುತ್ತದೆ, ಗೇರಿನ ಗೊಡವೆ ಇಲ್ಲ.

ಪ್ರಶ್ನಾರ್ಥಕ:
ನನಗೆ ಮೂರು ಅನುಮಾನಗಳಿವೆ. ನಿಜವೋ ಸುಳ್ಳೋ ಹೇಳಿ, ಕಾರಣ ಸಮೇತ.
ಒಂದು, ಗಾಜು ಬಹಳ ನಿಧಾನವಾಗಿ ಹರಿಯುವ ದ್ರವ, ಅದಕ್ಕೇ ಹಳೆಯ ಚರ್ಚುಗಳ ಕಿಟಕಿಗಾಜು ಕೆಳಗೆ ದಪ್ಪ.
ಎರಡು, ಮೈಕ್ರೋವೇವ್ ಒಲೆಯ ಅಲೆಗಳು ನೀರಿನ ಅಣುವಿನ ಸಹಜ ಕಂಪನಕ್ಕೆ ಸರಿಹೊಂದುವುದರಿಂದ ಕಾಯಿಸುತ್ತವೆ.
ಮೂರು, ಪೆನ್ನಿನ ಮುಚ್ಚಳದ ತುದಿಯ ರಂಧ್ರ ಶಾಯಿ ಒಣಗದಿರಲು.

ಅಣುರೇಣು:
ಮೂರೂ ತಪ್ಪು.

ಗಾಜು ಕೋಣೆಯ ಉಷ್ಣತೆಯಲ್ಲಿ ಘನವಸ್ತುವೇ. ಅದರ ಒಳಗಿನ ಅಣುಗಳ ಜೋಡಣೆ ದ್ರವದಂತೆ ಕ್ರಮವಿಲ್ಲದ್ದು, ಗೊಂದಲ ಹುಟ್ಟಿದ್ದು ಅಲ್ಲಿಂದ. ಕಣ್ಣಿಗೆ ಕಾಣುವಷ್ಟು ಹರಿಯಲು ವಿಶ್ವದ ವಯಸ್ಸಿಗಿಂತಲೂ ಎಷ್ಟೋ ಪಟ್ಟು ಹೆಚ್ಚು ಕಾಲ ಬೇಕಾಗುತ್ತದೆ ಎಂದು ಎಡ್ಗರ್ ಜನೊಟ್ಟೊ ಎಂಬ ವಿಜ್ಞಾನಿ 1998ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಹಳೆಯ ಗಾಜು ಏಕೆ ಅಸಮ? ಕಾದ ಗಾಜಿನ ಮುದ್ದೆಯನ್ನು ಊದಿ, ಗರಗರನೆ ತಿರುಗಿಸಿ ತಟ್ಟೆಯಾಗಿ ಹರಡುತ್ತಿದ್ದರು. ಆ ತಟ್ಟೆಯ ದಪ್ಪ ಎಲ್ಲೆಡೆ ಒಂದೇ ಆಗಿರುತ್ತಿರಲಿಲ್ಲ. ಅದನ್ನು ತುಂಡು ಮಾಡಿದಾಗ ದಪ್ಪ ಅಂಚು ಕೆಳಗೆ ಬರುವಂತೆ ಕೂಡಿಸಿದ್ದೂ ಉಂಟು, ಮೇಲೆ ಬಂದದ್ದೂ ಉಂಟು.

ಮೈಕ್ರೋವೇವ್ ಒಲೆಯ ಆವರ್ತನ 2.45 ಗಿಗಾಹರ್ಟ್ಸ್. ನೀರು ಅತಿ ಹೆಚ್ಚಾಗಿ ಹೀರಿಕೊಳ್ಳುವುದು ಇದಕ್ಕಿಂತ ಎಷ್ಟೋ ಮೇಲಿನ ಆವರ್ತನದಲ್ಲಿ. ಒಲೆಯಲ್ಲಿ ನಡೆಯುವುದೇ ಬೇರೆ. ನೀರಿನ ಅಣುವಿಗೆ ಒಂದು ತುದಿ ಧನ, ಇನ್ನೊಂದು ಋಣ. ವಿದ್ಯುತ್ ಕ್ಷೇತ್ರ ದಿಕ್ಕು ಬದಲಿಸಿದಂತೆಲ್ಲ ಅಣುಗಳು ಹೊರಳಲು ಹೋಗಿ ಪಕ್ಕದವುಗಳನ್ನು ತಳ್ಳುತ್ತವೆ, ಕ್ಷೇತ್ರಕ್ಕಿಂತ ಸ್ವಲ್ಪ ಹಿಂದೆ ಬೀಳುತ್ತವೆ. ಈ ಎಳೆದಾಟವೇ ಶಾಖ. ನೀರು ಪೂರ್ತಿಯಾಗಿ ಹೀರುವ ಆವರ್ತನವನ್ನು ಬಳಸಿದರೆ ಹೊರಪದರ ಮಾತ್ರ ಕಾದು ಒಳಗು ತಣ್ಣಗೆ ಉಳಿಯುತ್ತದೆ. ಮನೆಯ ವೈಫೈ ಕೂಡ ಇದೇ ಆವರ್ತನದ ಸುತ್ತಮುತ್ತ ಕೆಲಸ ಮಾಡುತ್ತದೆ. ಪರವಾನಗಿ ಇಲ್ಲದೆ ಬಳಸಲು ಬಿಟ್ಟಿರುವ ಆವರ್ತನಗಳ ಹರವು ಅದು, ಒಲೆಗಳು ಮೊದಲೇ ಅಲ್ಲಿದ್ದವು. ಒಲೆಯ ಬಾಗಿಲಿನ ಜಾಲರಿಯನ್ನು ಗಮನಿಸಿದ್ದೀರಾ? ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಜಾಲರಿಯ ರಂಧ್ರ ಒಂದೆರಡು ಮಿಲಿಮೀಟರ್. ಬೆಳಕು ಹಾಯುತ್ತದೆ, ಆ ಅಲೆ ಹಾಯಲಾರದು.

ಮುಚ್ಚಳದ ರಂಧ್ರ ಇರುವುದು ಮಕ್ಕಳಿಗಾಗಿ. ಮುಚ್ಚಳ ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೂ ಉಸಿರಾಡಲು ಒಂದಿಷ್ಟು ಗಾಳಿಯ ದಾರಿ ಉಳಿಯಲಿ ಎಂದು. ಇದಕ್ಕೆ ಅಂತರರಾಷ್ಟ್ರೀಯ ಮಾನದಂಡವೇ ಇದೆ.

ಎಲೆಮರೆಕಾಯಿ:
ನಾನು ಗಿಡಮರಗಳ ಬಗ್ಗೆ ಓದುವವಳು. ನನ್ನ ಪಾಲಿಗೆ ಇದಕ್ಕಿಂತ ದೊಡ್ಡ ಬೆರಗು ಇನ್ನೊಂದಿಲ್ಲ: ಮರದ ಮೈ ಆಗಿರುವುದು ಮಣ್ಣಿನಿಂದಲ್ಲ, ಗಾಳಿಯಿಂದ.

ಬೀಜ ನೆಡುತ್ತೇವೆ, ಆಳೆತ್ತರದ ಮರವಾಗುತ್ತದೆ. ಆ ತೂಕ ಎಲ್ಲಿಂದ ಬಂತು ಎಂದು ಕೇಳಿದರೆ ಹೆಚ್ಚಿನವರು ‘ಮಣ್ಣಿನಿಂದ’ ಎನ್ನುತ್ತಾರೆ. ಬ್ರಸೆಲ್ಸ್‌ನ ವಾನ್ ಹೆಲ್ಮಾಂಟ್ ಎಂಬ ವೈದ್ಯ ಇದನ್ನು ತೂಗಿಯೇ ನೋಡಿದ. ಒಣಗಿಸಿದ 200 ಪೌಂಡ್ ಮಣ್ಣಿಗೆ 5 ಪೌಂಡ್ ತೂಕದ ವಿಲೋ ಸಸಿಯನ್ನು ನೆಟ್ಟು, ನೀರು ಮಾತ್ರ ಎರೆಯುತ್ತ ಐದು ವರ್ಷ ಬೆಳೆಸಿದ. ಮರ 169 ಪೌಂಡ್, ಅಂದರೆ ಸುಮಾರು 77 ಕಿಲೋ ಆಯಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾದದ್ದು ಎರಡು ಔನ್ಸ್, ಸುಮಾರು 57 ಗ್ರಾಂ! ಅವನು ಸತ್ತ ನಾಲ್ಕು ವರ್ಷಕ್ಕೆ, 1648ರಲ್ಲಿ ಇದು ಪ್ರಕಟವಾಯಿತು.

‘ಹಾಗಾದರೆ ಮರ ಆಗಿರುವುದು ನೀರಿನಿಂದ’ ಎಂದು ಅವನು ತೀರ್ಮಾನಿಸಿದ. ನನಗೆ ಓದಿದಾಗಲೆಲ್ಲ ಮನಸ್ಸು ಕಲಕುವುದು ಇಲ್ಲಿಯೇ. ಇದ್ದಿಲನ್ನು ಸುಟ್ಟರೆ ಬೂದಿ ಒಂದಿಷ್ಟು ಉಳಿದು ಮಿಕ್ಕದ್ದೆಲ್ಲ ಕಣ್ಣಿಗೆ ಕಾಣದ ಒಂದು ಅನಿಲವಾಗಿ ಹೋಗುತ್ತದೆ ಎಂದು ಕಂಡುಕೊಂಡವನೂ ಇವನೇ. ಆ ಅನಿಲವನ್ನು ನಾವು ಇಂದು ಇಂಗಾಲದ ಡೈಆಕ್ಸೈಡ್ ಎನ್ನುತ್ತೇವೆ. ಮರ ಸುಟ್ಟರೆ ಆ ಅನಿಲ ಹೊರಡುತ್ತದೆ ಎಂದು ಗೊತ್ತಿದ್ದವನಿಗೆ, ಮರ ಕಟ್ಟಿಕೊಂಡದ್ದೂ ಅದೇ ಅನಿಲದಿಂದ ಎಂಬ ಉತ್ತರ ಕೈಗೆಟುಕುವ ದೂರದಲ್ಲಿತ್ತು. ಒಣಗಿದ ಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ, ಅದು ಪೂರ್ತಿ ಗಾಳಿಯಿಂದ ಬಂದದ್ದು.

ಇದರ ಇನ್ನೊಂದು ಮಗ್ಗುಲೂ ಇದೆ. ಎಲೆಗಳು ಹೊರಬಿಡುವ ಆಮ್ಲಜನಕ ಇಂಗಾಲದ ಡೈಆಕ್ಸೈಡ್‌ನಿಂದ ಬಿಡುಗಡೆಯಾದದ್ದು ಎಂದು ಬಹುಕಾಲ ನಂಬಿದ್ದರು. 1941ರಲ್ಲಿ ರೂಬೆನ್ ಮತ್ತು ಕೇಮೆನ್ ತಂಡ ತೂಕ ಹೆಚ್ಚಿರುವ ಆಮ್ಲಜನಕವನ್ನು ಗುರುತಾಗಿ ಬಳಸಿ ಪರೀಕ್ಷಿಸಿತು. ನೀರಿನಲ್ಲಿ ಆ ಗುರುತು ಇಟ್ಟಾಗ ಮಾತ್ರ ಅದು ಹೊರಬಂದ ಅನಿಲದಲ್ಲಿ ಕಾಣಿಸಿತು. ಮರದ ಗಟ್ಟಿ ಮೈ ಗಾಳಿಯಿಂದ ಬಂತು, ಅದು ಬಿಡುವ ಗಾಳಿ ನೀರಿನಿಂದ ಬಂತು. ನಮ್ಮ ಸಹಜ ಊಹೆ ಎರಡರಲ್ಲೂ ತಿರುಗುಮುರುಗು.

ಪ್ರಶ್ನಾರ್ಥಕ:
ಮೇಡಂ, ಮಣ್ಣಿನಿಂದ ಹೋದ ಆ 57 ಗ್ರಾಂ ಏನು? ಅಳತೆಯ ದೋಷವೇ?

ಎಲೆಮರೆಕಾಯಿ:
ಅವನು ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅಷ್ಟು ಸಣ್ಣ ವ್ಯತ್ಯಾಸದಲ್ಲಿ ತೂಕದ ದೋಷವೂ ಸೇರಿರಬಹುದು. ಆದರೆ ಮರ ಮಣ್ಣಿನಿಂದ ಖನಿಜಗಳನ್ನು ಎಳೆದುಕೊಳ್ಳುವುದಂತೂ ನಿಜ: ಪೊಟ್ಯಾಸಿಯಂ, ರಂಜಕ, ಕ್ಯಾಲ್ಸಿಯಂ. ಪ್ರಮಾಣ ಅತ್ಯಲ್ಪ, ಆದರೆ ಅದಿಲ್ಲದೆ ಒಂದು ಎಲೆಯೂ ಬಿಡದು.

ಆ ಅಲ್ಪಕ್ಕೆ ಎಷ್ಟು ಬೆಲೆ ಎಂದು ತಿಳಿಯಲು ಅಮೆಜಾನ್ ಕಾಡನ್ನು ನೋಡಿ. ಅಲ್ಲಿನ ಮಣ್ಣಿನಲ್ಲಿ ರಂಜಕ ಕಡಿಮೆ, ಇದ್ದದ್ದನ್ನೂ ಮಳೆ ತೊಳೆದುಕೊಂಡು ಹೋಗುತ್ತದೆ. ಅದನ್ನು ತುಂಬಿಕೊಡುವುದರಲ್ಲಿ ಸಾಗರದಾಚೆಯ ಸಹಾರಾ ಮರುಭೂಮಿಗೂ ಪಾಲಿದೆ! ಚಾಡ್ ದೇಶದ ಬೊಡೆಲೆ ತಗ್ಗು ಹಿಂದೊಮ್ಮೆ ದೊಡ್ಡ ಸರೋವರದ ತಳವಾಗಿತ್ತು. ಸರೋವರ ಬತ್ತಿತು, ನೀರಿನಲ್ಲಿದ್ದ ಸೂಕ್ಷ್ಮಜೀವಿಗಳ ಚಿಪ್ಪುಗಳು ರಂಜಕದ ಜೊತೆ ಪುಡಿಯಾಗಿ ಉಳಿದವು. ಗಾಳಿ ಆ ಧೂಳನ್ನು ಎತ್ತಿ ಅಟ್ಲಾಂಟಿಕ್ ದಾಟಿಸುತ್ತದೆ. ಉಪಗ್ರಹದ ಮಾಹಿತಿಯಿಂದ 2015ರಲ್ಲಿ ಹಾಕಿದ ಅಂದಾಜಿನ ಪ್ರಕಾರ ಈ ಧೂಳಿನ ಜೊತೆ ವರ್ಷಕ್ಕೆ ಸುಮಾರು 22,000 ಟನ್ ರಂಜಕ ಅಮೆಜಾನ್ ಮೇಲೆ ಬೀಳುತ್ತದೆ. ಮಳೆ ಮತ್ತು ಪ್ರವಾಹಗಳಲ್ಲಿ ಕಾಡು ಕಳೆದುಕೊಳ್ಳುವುದೂ ಹೆಚ್ಚುಕಡಿಮೆ ಅಷ್ಟೇ.

ಜೇಡರಬಲೆ:
ಗಾಳಿಯಲ್ಲಿ ಸಾಗರ ದಾಟುವವರ ಸಾಲಿಗೆ ಜೇಡಗಳನ್ನೂ ಸೇರಿಸಿ. 1832ರಲ್ಲಿ ಡಾರ್ವಿನ್ ಇದ್ದ ಬೀಗಲ್ ಹಡಗು ದಕ್ಷಿಣ ಅಮೆರಿಕದ ದಡದಿಂದ ಸುಮಾರು 60 ಮೈಲಿ ದೂರದಲ್ಲಿದ್ದಾಗ ಅದರ ಹಗ್ಗಗಳ ತುಂಬ ಸಾವಿರಾರು ಪುಟ್ಟ ಜೇಡಗಳು ಬಂದಿಳಿದಿದ್ದವು. ಜೇಡಕ್ಕೆ ರೆಕ್ಕೆ ಇಲ್ಲ. ಹಿಂಭಾಗವನ್ನು ಎತ್ತಿ, ಕಾಲ ತುದಿಯಲ್ಲಿ ನಿಂತು, ಎಳೆಗಳನ್ನು ಗಾಳಿಗೆ ಬಿಡುತ್ತದೆ, ಎಳೆಯೊಂದಿಗೆ ತಾನೂ ಏಳುತ್ತದೆ.

ಬಿಸಿಗಾಳಿ ಎತ್ತುತ್ತದೆ ಎಂಬುದು ಹಳೆಯ ವಿವರಣೆ. ಅದು ಸರಿಯೇ, ಆದರೆ ಗಾಳಿ ಬಹುತೇಕ ಸ್ತಬ್ಧವಾಗಿರುವ ದಿನವೂ ಜೇಡಗಳು ಏಳುತ್ತಿದ್ದವು. 2018ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಎರಿಕಾ ಮಾರ್ಲಿ ಮತ್ತು ಡೇನಿಯಲ್ ರಾಬರ್ಟ್ ಗಾಳಿಯಾಡದ, ಹೊರಗಿನ ವಿದ್ಯುತ್ ಪ್ರಭಾವವೂ ತಾಗದ ಪೆಟ್ಟಿಗೆಯೊಳಗೆ ಜೇಡಗಳನ್ನಿಟ್ಟರು. ವಿದ್ಯುತ್ ಕ್ಷೇತ್ರವನ್ನು ಚಾಲೂ ಮಾಡಿದರೆ ಜೇಡಗಳು ಕಾಲ ತುದಿಯಲ್ಲಿ ನಿಂತು ಮೇಲೇಳುತ್ತಿದ್ದವು, ಆರಿಸಿದರೆ ಕೆಳಗಿಳಿಯುತ್ತಿದ್ದವು. ಕಾಲಿನ ಸೂಕ್ಷ್ಮ ಕೂದಲುಗಳಿಗೆ ಆ ಕ್ಷೇತ್ರ ತಿಳಿಯುತ್ತದೆ.

ಹೊರಗೆ ಆ ವಿದ್ಯುತ್ ಎಲ್ಲಿಂದ? ಶುಭ್ರ ಆಕಾಶದ ದಿನವೂ ನೆಲದಿಂದ ಮೇಲಕ್ಕೆ ಮೀಟರಿಗೆ ಸುಮಾರು 100 ವೋಲ್ಟ್ ವ್ಯತ್ಯಾಸ ಇರುತ್ತದೆ. ಜಗತ್ತಿನ ಯಾವುದೋ ಮೂಲೆಯಲ್ಲಿ ನಡೆಯುತ್ತಲೇ ಇರುವ ಗುಡುಗುಮಳೆಗಳು ಅದನ್ನು ಸದಾ ಉಳಿಸಿಕೊಂಡಿರುತ್ತವೆ.

ವೇಗದೂತ:
ಹಾಗಾದರೆ ನಿಂತಾಗ ನನ್ನ ತಲೆಗೂ ಕಾಲಿಗೂ 170 ವೋಲ್ಟ್ ವ್ಯತ್ಯಾಸ ಇರಬೇಕು! ಏನೂ ಆಗುವುದಿಲ್ಲವಲ್ಲ?

ಜೇಡರಬಲೆ:
ದೇಹ ವಾಹಕ, ಗಾಳಿ ತೀರಾ ದುರ್ಬಲ ವಾಹಕ. ನೀವು ನಿಂತ ಕೂಡಲೇ ನಿಮ್ಮ ಮೈಯೆಲ್ಲ ನೆಲದ ಮಟ್ಟಕ್ಕೇ ಬರುತ್ತದೆ, ಕ್ಷೇತ್ರ ನಿಮ್ಮ ಸುತ್ತ ಬಾಗಿ ಹೋಗುತ್ತದೆ. ಹುಲ್ಲಿನ ಮತ್ತು ಕೊಂಬೆಯ ತುದಿಗಳಲ್ಲಿ ಕ್ಷೇತ್ರ ತೀವ್ರವಾಗುವುದೂ ಇದೇ ಕಾರಣಕ್ಕೆ. ಹಾರುವ ಮೊದಲು ಜೇಡ ತುದಿಗೆ ಹತ್ತುವುದನ್ನು ನೆನಪಿಸಿಕೊಳ್ಳಿ.

ದೂರತೀರ:
ಹಾರಾಟದ ಮಾತು ಬಂದದ್ದಕ್ಕೆ ಒಂದು ಹಕ್ಕಿ. ಬಾರ್-ಟೇಲ್ಡ್ ಗಾಡ್‌ವಿಟ್. 2022ರಲ್ಲಿ ಐದು ತಿಂಗಳ ಪ್ರಾಯದ ಮರಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 11 ದಿನಗಳಲ್ಲಿ 13,560 ಕಿಲೋಮೀಟರ್ ಹಾರಿತು. ಎಲ್ಲಿಯೂ ಇಳಿಯಲಿಲ್ಲ, ತಿನ್ನಲಿಲ್ಲ, ಕುಡಿಯಲಿಲ್ಲ. ಇದು ಸಾಧ್ಯವಾಗುವುದು ಹೇಗೆಂದರೆ, ಹೊರಡುವ ಮೊದಲು ಈ ಹಕ್ಕಿಗಳು ಕೊಬ್ಬು ತುಂಬಿಕೊಂಡು, ಕರುಳು, ಯಕೃತ್ತು, ಮೂತ್ರಪಿಂಡಗಳನ್ನು ಕುಗ್ಗಿಸಿಕೊಳ್ಳುತ್ತವೆ. ದಾರಿಯಲ್ಲಿ ಊಟವೇ ಇಲ್ಲದಿರುವಾಗ ಜೀರ್ಣಾಂಗದ ಭಾರ ಹೊರುವುದೇಕೆ?

ಹಳೆಯ ತಂತಿ:
ನಿತ್ಯ ಕೈಯಲ್ಲಿ ಹಿಡಿಯುವ ವಸ್ತುವೊಂದನ್ನು ಇಲ್ಲಿ ತರಲೇಬೇಕು. ಕ್ಯೂಆರ್ ಕೋಡ್. ಮೂರು ಮೂಲೆಗಳಲ್ಲಿ ಚೌಕದೊಳಗೆ ಚೌಕ ಇರುತ್ತದಲ್ಲ, ಅದನ್ನು ಸುಮ್ಮನೆ ಅಲಂಕಾರಕ್ಕೆ ಇಟ್ಟಿಲ್ಲ.

1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಹಿರೊ ಹಾರಾ ಮತ್ತು ತಂಡ ಇದನ್ನು ರೂಪಿಸಿತು. ಕಾರಿನ ಬಿಡಿಭಾಗಗಳ ಪೆಟ್ಟಿಗೆಗೆ ಸಾಲುಸಾಲು ಬಾರ್‌ಕೋಡ್ ಅಂಟಿಸಿ ಒಂದೊಂದನ್ನೂ ಓದಿಸಬೇಕಿತ್ತು, ಕೆಲಸಗಾರರು ಬೇಸತ್ತಿದ್ದರು. ‘ಗೋ’ ಆಟದ ಮಣೆಯ ಕಪ್ಪು ಬಿಳಿ ಕಾಯಿಗಳನ್ನು ನೋಡಿ ಹಾರಾ ಅವರಿಗೆ ಎರಡು ಆಯಾಮದ ಕೋಡ್ ಹೊಳೆಯಿತು. ಮಾಹಿತಿ ತುಂಬುವುದು ದೊಡ್ಡ ಸಮಸ್ಯೆಯಾಗಲಿಲ್ಲ. ಸುತ್ತ ಅಕ್ಷರ, ಚಿತ್ರ, ಗೆರೆ ಎಲ್ಲ ಇರುವಾಗ ‘ಕೋಡ್ ಇಲ್ಲಿದೆ’ ಎಂದು ಯಂತ್ರಕ್ಕೆ ತಕ್ಷಣ ತಿಳಿಯುವುದು ಹೇಗೆ ಎಂಬುದೇ ದೊಡ್ಡದಾಯಿತು.

ಅವರು ಕಂಡುಕೊಂಡ ದಾರಿ ನನಗೆ ಅಪಾರ ಮೆಚ್ಚುಗೆ. ಪತ್ರಿಕೆ, ಕರಪತ್ರ, ರಟ್ಟಿನ ಪೆಟ್ಟಿಗೆ, ಕೈಗೆ ಸಿಕ್ಕ ಮುದ್ರಿತ ವಸ್ತುಗಳನ್ನೆಲ್ಲ ಗುಡ್ಡೆ ಹಾಕಿ, ಕಪ್ಪು ಬಿಳುಪಿನ ಯಾವ ಅನುಪಾತ ಅವುಗಳಲ್ಲಿ ಅತ್ಯಂತ ಅಪರೂಪ ಎಂದು ಹುಡುಕಿದರು. ಸಿಕ್ಕಿದ್ದು 1:1:3:1:1. ಕಪ್ಪು ಒಂದು ಪಾಲು, ಬಿಳಿ ಒಂದು, ಕಪ್ಪು ಮೂರು, ಬಿಳಿ ಒಂದು, ಕಪ್ಪು ಒಂದು. ಮೂಲೆಯ ಚೌಕದ ನಡುವಿನಿಂದ ಯಾವ ಕೋನದಲ್ಲಿ ಗೆರೆ ಎಳೆದರೂ ಈ ಅನುಪಾತವೇ ಬರುತ್ತದೆ. ಅದಕ್ಕೇ ಮೊಬೈಲನ್ನು ಓರೆಯಾಗಿ ಹಿಡಿದರೂ ಓದುತ್ತದೆ. ಮೂರು ಮೂಲೆಯಲ್ಲಿ ಮಾತ್ರ ಇರುವುದರಿಂದ ಯಾವುದು ಮೇಲೆ, ಯಾವುದು ಕೆಳಗೆ ಎಂಬುದೂ ಗೊತ್ತಾಗುತ್ತದೆ.

ಇನ್ನೊಂದು ಜಾಣತನ, ಕೋಡಿನ ಒಂದು ಭಾಗ ಹರಿದರೂ ಮಸಿ ಬಿದ್ದರೂ ಓದಬಹುದು. ಅತಿ ಹೆಚ್ಚಿನ ರಕ್ಷಣೆಯ ಮಟ್ಟದಲ್ಲಿ ಸುಮಾರು 30 ಶೇಕಡಾ ಹಾಳಾದರೂ ಮಾಹಿತಿ ಮರಳಿ ಬರುತ್ತದೆ. 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಬರೆದ ಗಣಿತ ಇದರ ಹಿಂದಿದೆ. ಗೀರು ಬಿದ್ದ ಸಿ.ಡಿ. ಹಾಡುತ್ತಿದ್ದದ್ದೂ, ವಾಯೇಜರ್ ನೌಕೆ ದೂರದ ಗ್ರಹಗಳ ಚಿತ್ರಗಳನ್ನು ಅಚ್ಚುಕಟ್ಟಾಗಿ ಕಳಿಸಿದ್ದೂ ಅದೇ ಗಣಿತದ ಬಲದಿಂದ.

ಲೋಹಕಾರ:
ಚಿಕ್ಕದೊಂದು ನನ್ನಿಂದ. ಭೂಮಿಯ ಹೊರಪದರದಲ್ಲಿ ಅತಿ ಹೆಚ್ಚಾಗಿರುವ ಲೋಹ ಅಲ್ಯೂಮಿನಿಯಂ, ಸುಮಾರು 8 ಶೇಕಡಾ. ಆದರೂ 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಅದನ್ನು ಕಿರೀಟದಂತೆ ಕೂರಿಸಿದರು, ಅಷ್ಟು ಅಪರೂಪದ್ದಾಗಿತ್ತು. ಆಮ್ಲಜನಕವನ್ನು ಅದು ಬಿಗಿಯಾಗಿ ಹಿಡಿದಿರುವುದರಿಂದ ಕಬ್ಬಿಣದಂತೆ ಇದ್ದಿಲಿನಲ್ಲಿ ಕಾಯಿಸಿ ಬಿಡಿಸಲಾಗದು, ವಿದ್ಯುತ್ತೇ ಬೇಕು. ಅದಿರು ಕರಗಲು ಸುಮಾರು 2,050 ಡಿಗ್ರಿ ಶಾಖ ಬೇಕಿತ್ತು, ಕ್ರಯೊಲೈಟ್ ಎಂಬ ಖನಿಜದ ದ್ರವದಲ್ಲಾದರೆ 1,000 ಡಿಗ್ರಿಯೊಳಗೇ ಕರಗುತ್ತದೆ. 1886ರಲ್ಲಿ ಇದನ್ನು ಕಂಡುಕೊಂಡವರು ಇಬ್ಬರು: ಅಮೆರಿಕದ ಹಾಲ್, ಫ್ರಾನ್ಸಿನ ಎರೂ. ಇಬ್ಬರೂ ಹುಟ್ಟಿದ್ದು 1863ರಲ್ಲಿ, ಇಬ್ಬರೂ ತೀರಿಕೊಂಡದ್ದು 1914ರಲ್ಲಿ. ವಿಧಾನದ ಕಾರಣ ಬರೆದೆ, ಈ ಇಸವಿಗಳಿಗೆ ಕಾರಣ ಕೇಳಬೇಡಿ, ಅದು ಬರೀ ಕಾಕತಾಳೀಯ.

ಅಣುರೇಣು:
ಲೋಹದ ಮಾತು ಬಂದದ್ದರಿಂದ ನಾನು ಕಾದಿಟ್ಟಿದ್ದ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದವಾದೀತು, ಸಹಿಸಿಕೊಳ್ಳಿ.

1950ರ ದಶಕದ ನಡುಭಾಗದಿಂದ ಈಚೆಗೆ ಭೂಮಿಯ ಮೇಲೆ ಹುಟ್ಟಿದ ಹೆಚ್ಚುಕಡಿಮೆ ಪ್ರತಿಯೊಂದು ಜೀವಿಯ ಮೈಯಲ್ಲೂ ಪರಮಾಣು ಪರೀಕ್ಷೆಗಳ ಗುರುತು ಇದೆ. 1950ರ ದಶಕದಲ್ಲಿ ಮತ್ತು 60ರ ದಶಕದ ಆರಂಭದಲ್ಲಿ ಬಯಲಿನಲ್ಲಿ ಸಿಡಿಸಿದ ಬಾಂಬುಗಳ ನ್ಯೂಟ್ರಾನ್‌ಗಳು ಗಾಳಿಯ ಸಾರಜನಕಕ್ಕೆ ಬಡಿದು ಅದನ್ನು ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲವಾಗಿ ಮಾರ್ಪಡಿಸಿದವು. ಉತ್ತರಾರ್ಧಗೋಳದ ಗಾಳಿಯಲ್ಲಿ ಅದರ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾಯಿತು. 1963ರಲ್ಲಿ ಬಯಲು ಪರೀಕ್ಷೆಗಳನ್ನು ನಿಲ್ಲಿಸುವ ಒಪ್ಪಂದವಾಯಿತು, ಆಮೇಲೆ ಪ್ರಮಾಣ ವರ್ಷ ವರ್ಷವೂ ಇಳಿಯುತ್ತ ಬಂತು. ಗಿಡ ಗಾಳಿಯಿಂದ ಮೈ ಕಟ್ಟಿಕೊಳ್ಳುತ್ತದೆ ಎಂದು ಎಲೆಮರೆಕಾಯಿಯವರು ಬರೆದರಲ್ಲ. ಗಿಡದಿಂದ ಪ್ರಾಣಿಗೆ, ನಮಗೆ. ಹೀಗೆ ಪ್ರತಿ ವರ್ಷ ಕಟ್ಟಿದ ಅಂಗಾಂಶದ ಮೇಲೆ ಆ ವರ್ಷದ ಗಾಳಿಯ ಮುದ್ರೆ ಬಿತ್ತು.

ಈ ದುರಂತದ ಉಳಿಕೆ ವಿಜ್ಞಾನಿಗಳ ಕೈಯಲ್ಲಿ ಕಾಲಮಾಪಕವಾಯಿತು. ಹಲ್ಲಿನ ಹೊರಪದರ ಬಾಲ್ಯದಲ್ಲಿ ಕಟ್ಟಿಕೊಂಡರೆ ಮತ್ತೆ ಬದಲಾಗದು. ಅದರ ಇಂಗಾಲ ಅಳೆದು ವ್ಯಕ್ತಿ ಹುಟ್ಟಿದ ವರ್ಷವನ್ನು ಒಂದೆರಡು ವರ್ಷದ ಅಂತರದಲ್ಲಿ ಹೇಳಬಹುದು ಎಂದು ಸ್ವೀಡನ್ನಿನ ಯೋನಾಸ್ ಫ್ರಿಸೆನ್ ತಂಡ 2005ರಲ್ಲಿ ತೋರಿಸಿತು. ಗುರುತು ಸಿಗದ ಶವಗಳ ಪತ್ತೆಗೆ ಇದು ನೆರವಾಗುತ್ತದೆ. ವಯಸ್ಕರ ಹೃದಯದ ಸ್ನಾಯುಕೋಶಗಳು ಹೊಸದಾಗಿ ಹುಟ್ಟುತ್ತವೆಯೇ ಎಂಬ ಹಳೆಯ ಪ್ರಶ್ನೆಗೂ ಇದರಿಂದಲೇ ಉತ್ತರ ಸಿಕ್ಕಿತು. ಹುಟ್ಟುತ್ತವೆ, ಬಹಳ ನಿಧಾನ. 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು 1 ಶೇಕಡಾ.

ಗ್ರೀನ್‌ಲ್ಯಾಂಡ್ ಶಾರ್ಕ್ ಮೀನಿನದು ಇನ್ನೂ ದೊಡ್ಡ ಕಥೆ. ಅದರ ಕಣ್ಣಿನ ಮಸೂರದ ನಡುಭಾಗ ತಾಯಿಯ ಹೊಟ್ಟೆಯಲ್ಲಿರುವಾಗಲೇ ರೂಪುಗೊಂಡು ಹಾಗೆಯೇ ಉಳಿಯುತ್ತದೆ. 2016ರಲ್ಲಿ 28 ಶಾರ್ಕ್‌ಗಳ ಮಸೂರ ಪರೀಕ್ಷಿಸಿದಾಗ ಅತಿ ಚಿಕ್ಕವುಗಳಲ್ಲಿ ಮಾತ್ರ ಬಾಂಬಿನ ಗುರುತು ಸಿಕ್ಕಿತು. ಉಳಿದವೆಲ್ಲ ಅದಕ್ಕಿಂತ ಮೊದಲು ಹುಟ್ಟಿದವು. ಐದು ಮೀಟರ್ ಉದ್ದದ ಅತಿ ದೊಡ್ಡದರ ವಯಸ್ಸು 272ರಿಂದ 512 ವರ್ಷಗಳ ನಡುವೆ ಎಂದು ಅಂದಾಜಾಯಿತು. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇಷ್ಟು ದೀರ್ಘಾಯುಷ್ಯ ಬೇರೊಂದಕ್ಕೆ ಕಂಡುಬಂದಿಲ್ಲ.

ಪ್ರಶ್ನಾರ್ಥಕ:
ಸರ್, ಇಂಗಾಲ-14ರ ಅರ್ಧಾಯು, ಅಂದರೆ ಅದು ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, 5,730 ವರ್ಷ. ಅರುವತ್ತೇ ವರ್ಷಗಳಲ್ಲಿ ಪ್ರಮಾಣ ಇಳಿದದ್ದು ಹೇಗೆ?

ಅಣುರೇಣು:
ಅದು ಕ್ಷಯಿಸಿ ಇಳಿದದ್ದಲ್ಲ, ಹಂಚಿಹೋದದ್ದು. ಹೆಚ್ಚಿನ ಪಾಲು ಸಾಗರದ ನೀರಿನಲ್ಲಿ ಬೆರೆಯಿತು, ಒಂದಿಷ್ಟು ಕಾಡು ಮತ್ತು ಮಣ್ಣನ್ನು ಸೇರಿತು. ಇನ್ನೊಂದು ಕಾರಣವೂ ಇದೆ. ಕಲ್ಲಿದ್ದಲು, ಪೆಟ್ರೋಲ್ ಕೋಟ್ಯಂತರ ವರ್ಷ ಹಳೆಯವು, ಅವುಗಳಲ್ಲಿ ಇಂಗಾಲ-14 ಎಂದೋ ಮುಗಿದುಹೋಗಿದೆ. ಅವನ್ನು ಸುಟ್ಟಷ್ಟೂ ಗಾಳಿಯಲ್ಲಿ ಸಾದಾ ಇಂಗಾಲ ಸೇರಿ ಅನುಪಾತ ತಗ್ಗುತ್ತದೆ.

ಲೋಹಕಾರ:
ಉಕ್ಕಿನ ವಿಷಯವನ್ನು ನಾನು ಸೇರಿಸುತ್ತೇನೆ. ಉಕ್ಕು ತಯಾರಿಸಲು ಅಪಾರ ಗಾಳಿ ಊದಬೇಕು. 1945ರ ನಂತರದ ಉಕ್ಕಿನಲ್ಲಿ ಗಾಳಿಯ ಮೂಲಕ ವಿಕಿರಣಶೀಲ ಕಣಗಳು ಸೇರಿದವು. ಸಾಮಾನ್ಯ ಬಳಕೆಗೆ ಅದರಿಂದ ತೊಂದರೆ ಇಲ್ಲ, ಅತಿ ಕ್ಷೀಣ ವಿಕಿರಣವನ್ನು ಅಳೆಯುವ ಉಪಕರಣಕ್ಕೆ ಮಾತ್ರ ತೊಂದರೆ. ಹಾಗಾಗಿ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಎಂಬಲ್ಲಿ 1919ರಲ್ಲಿ ಜರ್ಮನ್ ನೌಕಾಪಡೆ ತಾನೇ ಮುಳುಗಿಸಿದ ಯುದ್ಧನೌಕೆಗಳ ಉಕ್ಕನ್ನು ಎತ್ತಿ ಬಳಸಿದರು. ಇಂಥ ಉಪಕರಣಗಳಿಗೆ ಬೇಕಾದ ಸೀಸದ್ದು ಇನ್ನೂ ಹಳೆಯ ಕಥೆ. ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿಯ ಪ್ರಯೋಗಾಲಯ ಸುಮಾರು 2,000 ವರ್ಷ ಹಿಂದೆ ಸಾರ್ಡಿನಿಯಾ ಬಳಿ ಮುಳುಗಿದ ರೋಮನ್ ಹಡಗಿನ ಸೀಸದ ಗಟ್ಟಿಗಳನ್ನು ಬಳಸಿತು. ಹೊಸ ಸೀಸದಲ್ಲಿ 22 ವರ್ಷ ಅರ್ಧಾಯುವಿನ ಸೀಸ-210 ಎಂಬ ವಿಕಿರಣಶೀಲ ಸೀಸ ಇರುತ್ತದೆ, ಎರಡು ಸಾವಿರ ವರ್ಷದಲ್ಲಿ ಅದು ಪೂರ್ತಿ ಅಳಿದಿರುತ್ತದೆ.

ಕುತೂಹಲಿ:
ಅಣುರೇಣು ಅವರೇ, ಬಾಂಬಿನ ಗುರುತಿನಿಂದ ಕಲಾಕೃತಿಗಳ ನಕಲು ಪತ್ತೆಹಚ್ಚಿದ್ದಾರೆ ಎಂದು ಕೇಳಿದ್ದೇನೆ. ನಿಜವೇ? ಪ್ರಮಾಣ ಇಳಿಯುತ್ತಲೇ ಇದ್ದರೆ ಮುಂದೆಯೂ ಈ ವಿಧಾನ ನಡೆಯುತ್ತದೆಯೇ?

ಅಣುರೇಣು:
ನಿಜ. ಫ್ರಾನ್ಸಿನ ಚಿತ್ರಕಾರ ಫೆರ್ನಾಂಡ್ ಲೆಜೆ ತೀರಿಕೊಂಡದ್ದು 1955ರಲ್ಲಿ. ಅವರದೆನ್ನಲಾದ, ವೆನಿಸ್‌ನ ಪೆಗಿ ಗುಗೆನ್‌ಹೈಮ್ ಕಲಾಸಂಗ್ರಹದ ಒಂದು ಚಿತ್ರದ ಬಟ್ಟೆಯ ಎಳೆಯನ್ನು ಇಟಲಿಯ ವಿಜ್ಞಾನಿಗಳು ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಹತ್ತಿ 1959ರ ನಂತರ ಬೆಳೆದದ್ದು. ಚಿತ್ರ ನಕಲಿ ಎಂದು ಖಚಿತವಾಯಿತು.

ಮುಂದಿನ ಮಾತು ಕಷ್ಟದ್ದು. 1950ರ ದಶಕದಿಂದ ಈಚೆಗೆ ತಯಾರಾದ ವಸ್ತುಗಳಿಗೆ, ಹುಟ್ಟಿದ ಜೀವಿಗಳಿಗೆ ಈ ಅಳತೆ ಉಳಿಯುತ್ತದೆ, ಆ ಏರಿಳಿತ ಅವುಗಳೊಳಗೆ ದಾಖಲಾಗಿದೆ. ಇನ್ನು ಮೇಲೆ ತಯಾರಾಗುವವುಗಳಲ್ಲಿ ಗೊಂದಲ ಶುರುವಾಗುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಹೆದರ್ ಗ್ರೇವನ್ 2015ರಲ್ಲಿ ಹಾಕಿದ ಲೆಕ್ಕ ಇದು: ಪಳೆಯುಳಿಕೆ ಇಂಧನವನ್ನು ಹೀಗೆಯೇ ಸುಡುತ್ತ ಹೋದರೆ 2050ರಲ್ಲಿ ನೇಯ್ದ ಹೊಸ ಬಟ್ಟೆಯ ಇಂಗಾಲ-14ರ ಪ್ರಮಾಣ 1,000 ವರ್ಷ ಹಳೆಯ ಬಟ್ಟೆಯದರಷ್ಟೇ ಇರುತ್ತದೆ. ಆಗ ಈ ಒಂದು ಅಳತೆಯಿಂದ ಮಾತ್ರ ಎರಡನ್ನೂ ಬೇರ್ಪಡಿಸಲಾಗದು. ನೇಯ್ಗೆ, ಬಣ್ಣ, ನಾರಿನ ಸವೆತ ಇವನ್ನೆಲ್ಲ ಜೊತೆಗಿಟ್ಟು ನೋಡಬೇಕಾಗುತ್ತದೆ.